ಕುದುರೆಗೆ ನಿಷಿದ್ಧ, ಓಟಗಾರನಿಗೆ ಪ್ರಸಾದ

ರೇಸಿಗೆ ಕೆಲವು ತಾಸು ಮೊದಲು ಕುದುರೆಯ ಮೂಗಿನೊಳಗೆ ಕೊಳವೆ ತೂರಿಸಿ, ಅಡುಗೆ ಸೋಡಾ ಕದಡಿದ ನೀರನ್ನು ನೇರ ಹೊಟ್ಟೆಗಿಳಿಸುವ ಕಳ್ಳವಿದ್ಯೆಗೆ ಕುದುರೆ ಲಾಯಗಳಲ್ಲಿ ‘ಮಿಲ್ಕ್‌ಶೇಕ್’ ಎಂಬ ಮುದ್ದಾದ ಹೆಸರಿದೆ. ಸಿಕ್ಕಿಬಿದ್ದರೆ ತರಬೇತುದಾರನಿಗೆ ಶಿಕ್ಷೆ. ಅದನ್ನು ಹಿಡಿಯಲೆಂದೇ ಒಂದು ರಕ್ತಪರೀಕ್ಷೆಯಿದೆ. ಅಂತರರಾಷ್ಟ್ರೀಯ ನಿಯಮದಂತೆ ಲೀಟರ್ ಪ್ಲಾಸ್ಮಾದಲ್ಲಿ ಕಾರ್ಬನ್ ಡೈಆಕ್ಸೈಡ್ 36 ಮಿಲಿಮೋಲ್ ದಾಟಬಾರದು. ಅದೇ ಸೋಡಾವನ್ನು 800 ಮೀಟರ್ ಓಟಗಾರ್ತಿಯೊಬ್ಬಳು ಒಲಿಂಪಿಕ್ಸ್ ಫೈನಲಿಗೆ ಮುಂಚೆ ಎಲ್ಲರೆದುರೇ ನುಂಗಿದರೂ ಯಾರೂ ಚಕಾರವೆತ್ತುವುದಿಲ್ಲ.

ಪುಡಿ ಒಂದೇ. ಪಾಪ ಮಾತ್ರ ಒಬ್ಬರಿಗೆ ಅಂಟಿ ಇನ್ನೊಬ್ಬರಿಗೆ ಅಂಟದೆ ಹೋದದ್ದು ಹೇಗೆ?

ಒಂದೆರಡು ನಿಮಿಷ ಜೀವ ಹಿಂಡುವ ಓಟದಲ್ಲಿ ಸ್ನಾಯುಗಳೊಳಗೆ ಆಮ್ಲ ತುಂಬಿಕೊಂಡು ಕಾಲು ಕಲ್ಲಾಗುತ್ತದೆ. ರಕ್ತದಲ್ಲಿ ಸೋಡಾದ ಸಾರವಾದ ಬೈಕಾರ್ಬನೇಟ್ ಹೆಚ್ಚಿದ್ದರೆ ಆ ಆಮ್ಲ ಸ್ನಾಯುವಿನಿಂದ ಬೇಗ ಹೊರಬೀಳುತ್ತದೆ. ಹಾರ್ವರ್ಡ್‌ನ ವಿಜ್ಞಾನಿಗಳು 1931ರಲ್ಲೇ ಇದರ ಜಾಡು ಹಿಡಿದಿದ್ದರು. 1983ರಲ್ಲಿ ಕೆನಡಾದ ಪ್ರಯೋಗವೊಂದರಲ್ಲಿ ಆರು ಮಂದಿ 800 ಮೀಟರ್ ಓಟಗಾರರ ಸಮಯ ಸರಾಸರಿ 2.9 ಸೆಕೆಂಡ್ ಇಳಿಯಿತು. ಆ ದೂರದಲ್ಲಿ ಅಷ್ಟು ಅಂತರವೆಂದರೆ ಚಿನ್ನಕ್ಕೂ ಕೊನೆಯ ಸ್ಥಾನಕ್ಕೂ ಇರುವಷ್ಟು. ಆದರೆ ಪ್ರಮಾಣ ನೋಡಿ: ದೇಹತೂಕದ ಕಿಲೋಗೆ 0.3 ಗ್ರಾಂ, ಅಂದರೆ 70 ಕಿಲೋ ತೂಗುವವನಿಗೆ 21 ಗ್ರಾಂ. ಬೋಂಡಾ ಹಿಟ್ಟಿಗೆ ಒಂದು ಚಿಟಿಕೆ ಹೆಚ್ಚಾದರೂ ಮನೆಮಂದಿ ಮುಖ ಸಿಂಡರಿಸುವ ಪುಡಿಯಿದು. ಹೊಟ್ಟೆಯುಬ್ಬರ, ವಾಕರಿಕೆ, ಭೇದಿ ಇದರ ಜೊತೆಗೇ ಬರುವ ನೆಂಟರು.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ಬಳಿ ಮೂರು ಒರೆಗಲ್ಲುಗಳಿವೆ: ಸಾಮರ್ಥ್ಯ ಹೆಚ್ಚಿಸುವುದೇ, ಆರೋಗ್ಯಕ್ಕೆ ಅಪಾಯವೇ, ಕ್ರೀಡೆಯ ಚೈತನ್ಯಕ್ಕೆ ಧಕ್ಕೆಯೇ? ಎರಡಕ್ಕೆ ‘ಹೌದು’ ಎನಿಸಿದರೆ ನಿಷೇಧಿಸಬಹುದು. ಮೊದಲನೆಯದರಲ್ಲಿ ಸೋಡಾ ಸಿಕ್ಕಿಬೀಳುತ್ತದೆ. ಮೂರನೆಯದಂತೂ ಕಲ್ಲಿಗಿಂತ ರಬ್ಬರಿಗೆ ಹತ್ತಿರ. 2003ರವರೆಗೆ ಕೆಫೀನ್ ಮಿತಿಮೀರಿದರೆ ಅಪರಾಧವಾಗಿತ್ತು, 2004ರಿಂದ ಅಲ್ಲ; ಆ ನಡುವೆ ಕಾಫಿಯೇನೂ ಬದಲಾಗಿರಲಿಲ್ಲ.

ಬೈಕಾರ್ಬನೇಟ್ ದೇಹವೇ ತಯಾರಿಸುವ ವಸ್ತು, ಸಹಜವಾದದ್ದು ಎಂಬ ಸಮರ್ಥನೆಯೂ ಇದೆ. ಅದು ನಿಲ್ಲುವುದಿಲ್ಲ. ತನ್ನದೇ ರಕ್ತವನ್ನು ತೆಗೆದಿಟ್ಟು ಸ್ಪರ್ಧೆಗೆ ಮುಂಚೆ ಮರಳಿ ಏರಿಸಿಕೊಂಡ ಸೈಕ್ಲಿಸ್ಟ್ ಕೂಡ ತಪ್ಪಿತಸ್ಥನೇ. ಸೋಡಾದ ಮುಗ್ಧತೆಯಲ್ಲಿ ಅರ್ಧಪಾಲು ಅಡುಗೆಮನೆಯ ಡಬ್ಬಿಯಿಂದ ಬಂದದ್ದು. ಸೂಜಿಯಲ್ಲಿ ಬಂದಿದ್ದರೆ ಇಷ್ಟು ಸಲೀಸಾಗಿ ಪಾರಾಗುತ್ತಿತ್ತೇ?

ಉಳಿಯುವ ನಿಜವಾದ ವ್ಯತ್ಯಾಸ ಸಮ್ಮತಿಯದು. ಕುದುರೆಯನ್ನು ಯಾರೂ ಕೇಳಲಿಲ್ಲ. ಓಟಗಾರ್ತಿ ತಾನಾಗಿ ನುಂಗಿದಳು. ಗಟ್ಟಿ ವಾದವೇ, ಸಂದೇಹವಿಲ್ಲ. ಆದರೂ ಫೈನಲಿನ ಎಂಟು ಮಂದಿಯಲ್ಲಿ ಏಳು ಮಂದಿ ಸೋಡಾ ಸೇವಿಸಿ ನಿಂತಾಗ ಎಂಟನೆಯವಳ ಆಯ್ಕೆ ಎಷ್ಟರಮಟ್ಟಿಗೆ ಆಯ್ಕೆ? ಹೊಟ್ಟೆ ತೊಳಸಿದರೂ ಅವಳು ನುಂಗುತ್ತಾಳೆ. ಕೊಳವೆ ಕಾಣುವುದಿಲ್ಲ, ಅಷ್ಟೇ.

2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತಕ್ಕಡಿಯನ್ನೇ ಅಲುಗಿಸಿತು. ಸಾವಿರ ಮೀಟರ್ ಓಟಕ್ಕೆ ಮುಂಚೆ ಕೆಲವೊಮ್ಮೆ ಸೋಡಾ ಕೊಟ್ಟು ಕೊಟ್ಟಿಲ್ಲವೆಂದರು, ಕೆಲವೊಮ್ಮೆ ಕೊಡದೆ ಕೊಟ್ಟೆವೆಂದರು. ಕುಡಿದಿದ್ದೇವೆಂಬ ನಂಬಿಕೆಯೇ ಓಟಗಾರರ ವೇಗ ಹೆಚ್ಚಿಸಿತು. ನಂಬಿಕೆಯನ್ನು ಯಾವ ಮೂತ್ರಪರೀಕ್ಷೆಯೂ ಹಿಡಿಯಲಾರದು. ಕುದುರೆಗಾದರೋ ಈ ಲಾಭವೂ ಇಲ್ಲ. ಮೂಗಿನಿಂದ ಹೊಟ್ಟೆಗೆ ಇಳಿದದ್ದೇನೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.