ಏರುವ ನೀರು, ಇಳಿಯುವ ಎಂಜಲು

ನೀರು ತಗ್ಗಿಗೆ ಹರಿಯುತ್ತೆ ಅಂತ ಮೇಷ್ಟ್ರು ಪಾಠ ಹೇಳ್ತಾರೆ. ಬೆಂಗಳೂರಿನ ಮಟ್ಟಿಗೆ ಈ ಪಾಠ ಸುಳ್ಳು. ಕೃಷ್ಣರಾಜಸಾಗರದಿಂದ ಬಿಟ್ಟ ಕಾವೇರಿ ಶಿವ ಅಣೆಕಟ್ಟೆಯಲ್ಲಿ ತಿರುಗಿ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಸೋಸಿಕೊಂಡು, ಪಂಪುಗಳ ಬಲದಿಂದ ಸುಮಾರು 500 ಮೀಟರ್ ಎತ್ತರ ಹತ್ತಿ, ಸುಮಾರು 100 ಕಿಲೋಮೀಟರ್ ದೂರದ ರಾಜಧಾನಿಗೆ ಬರುತ್ತದೆ. 1974ರಿಂದ ಹೀಗೆ. ತಗ್ಗಿಗೆ ಹರಿಯುವುದು ನೀರಿನ ಗುಣ. ಅದನ್ನು ಅಧಿಕಾರ ಇರುವ ಕಡೆಗೆ ಹತ್ತಿಸುವುದು ಸಮಾಜದ ಗುಣ.

ಬೆಂಗಳೂರಿಗೂ ತನ್ನದೇ ಹೊಳೆ ಇತ್ತು. ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದಿಂದ 1896ರಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವಾಯಿತು. ಕಾಲಕ್ರಮೇಣ ಒಂದರ ಒಳಹರಿವು ಸೊರಗಿತು, ಇನ್ನೊಂದಕ್ಕೆ ಕೊಳಚೆ ಹರಿಯಿತು. ಹತ್ತಿರದ ಹೊಳೆ ಕಾಯದ ನಗರ ದೂರದ ಹೊಳೆಗೆ ಕೈ ಚಾಚಿತು.

ಹಾಗಾದ್ರೆ ಬೆಂಗಳೂರು ಕುಡಿಯಬಾರದೇ? ಯಾರು ಹಾಗಂದಾರು! ಅಲ್ಲಿ ಕಲ್ಲು ಹೊರುವವರು, ಬೀದಿ ಗುಡಿಸುವವರು ನಮ್ಮವರೇ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದ್ದು ಎಂದು ನ್ಯಾಯಮಂಡಳಿ 2007ರಲ್ಲಿ ಲೆಕ್ಕ ಹಾಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನೊಪ್ಪದೆ ನಗರದ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚು ಕೊಟ್ಟಿತು. ಅಂದರೆ ಬಾಯಾರಿಕೆಗೆ ಗಡಿ ಇಲ್ಲ. ಒಪ್ತೀವಿ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಕುಡಿದು ಬಾಬಾಸಾಹೇಬರು ತೋರಿಸಿದ್ದೂ ಇದನ್ನೇ.

ಆದರೆ ಒಪ್ಪಿದ ಮೇಲೆ ಪೂರಾ ಒಪ್ಪಬೇಕು. ಗಡಿ ಇಲ್ಲದ ಬಾಯಾರಿಕೆಗೆ ಸರದಿ ಯಾಕೆ? 2007ರಲ್ಲಿ ನಗರದೊಳಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹಳ್ಳಿ ಎಂಬ ಹೆಸರು ಮೊದಲು ಹೋಯ್ತು, ನೀರು ಹದಿನೇಳು ವರ್ಷ ತಡವಾಗಿ ಬಂತು.

ಕುಡಿದ ನೀರು ಕೊಳಚೆಯಾಗಿ ಇಳಿಯಲೇಬೇಕು. 2013ರ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರು ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕಾ? ಅದೇ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧಿ ಮಾಡಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಿದರು. ಕೆರೆ ತುಂಬಿತು, ಅಂತರ್ಜಲ ಏರಿತು. ಇದು ಸುಳ್ಳಲ್ಲ. ಬಳಸಿದ ನೀರನ್ನು ಮತ್ತೆ ಬಳಸುವುದು ವಿವೇಕವೇ. ಮೂರನೇ ಹಂತಕ್ಕೂ ಶುದ್ಧಿ ಮಾಡಿ ಕೊಡಿ ಅಂತ ಅಲ್ಲಿನ ರೈತರು ಕೇಳಿದ್ದೂ ಅಷ್ಟೇ ವಿವೇಕ.

ನಮ್ಮ ಕೇರಿಗೆ ಈ ಲೆಕ್ಕ ಹೊಸದಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಮಿಕ್ಕಿದ್ದನ್ನು ಕೊಟ್ಟು ಅದನ್ನು ಧರ್ಮ ಅಂದವರ ಲೆಕ್ಕ ಇದು. ಹಸಿದವನ ಹೊಟ್ಟೆ ತುಂಬಿದ್ದು ನಿಜ. ಹೊಟ್ಟೆ ತುಂಬುವುದೂ ನ್ಯಾಯ ಸಿಗುವುದೂ ಒಂದೇ ಅಲ್ಲ.

ಎಂಜಲು ಅನ್ನೋದು ಅನ್ನದ ಗುಣವಲ್ಲ, ನೀರಿನ ಗುಣವೂ ಅಲ್ಲ. ಅದು ಮನುಷ್ಯ ಮನುಷ್ಯರ ನಡುವಿನ ಸಂಬಂಧದ ಗುಣ. ಮೊದಲು ಉಂಡವನೇ ಮಿಕ್ಕವರ ಪಾಲನ್ನೂ ತೀರ್ಮಾನಿಸಿದರೆ ಅದು ಎಂಜಲು. ಬಡಿಸುವ ಮೊದಲೇ ಎಲ್ಲರೂ ಕೂತು ಪಾಲು ಮಾಡಿದರೆ ಅದು ಹಂಚಿಕೆ.

ಗೆಳೆಯರೇ, ಅಣೆಕಟ್ಟೆಯ ಮುಂದೆ ನಿಂತು ಎಷ್ಟು ಟಿಎಂಸಿ ಅಂತ ಮಾತ್ರ ಕೇಳಬೇಡಿ. ಪಾಲು ಮಾಡುವ ಜಗಲಿಯ ಮೇಲೆ ಯಾರು ಕೂತಿದ್ದಾರೆ, ಕೆಳಗೆ ಬೊಗಸೆಯೊಡ್ಡಿ ಯಾರು ನಿಂತಿದ್ದಾರೆ ಅಂತ ಕೇಳಿ. ಮೇಲಿನಿಂದ ಹೊಯ್ದ ನೀರು ಕುಡಿದು ನಮ್ಮ ಹಿರಿಯರು ಬದುಕಿದರು. ನಮಗೆ ಜಗಲಿಯ ಮೇಲೆ ಜಾಗ ಬೇಕು.