ತಕ್ಕಡಿ ಹಿಡಿದ ಕೈ

ಬೇಸಿಗೆ ರಜೆ ಶುರುವಾಯಿತೆಂದರೆ ನಮ್ಮ ಎಸ್.ಎಸ್. ಬಡಾವಣೆಯಲ್ಲಿ ಬೆಳಗಿನ ಐದೂವರೆಗೇ ಚೆಂಡಿನ ಸದ್ದು. ಮನೆಯೆದುರಿನ ಖಾಲಿ ಸೈಟಿನಲ್ಲಿ ಇಟ್ಟಿಗೆ ನಿಲ್ಲಿಸಿ ಗೋಲು ಮಾಡಿಕೊಂಡ ಹುಡುಗರು ಬಿಸಿಲೇರುವ ಮೊದಲೇ ಫುಟ್‌ಬಾಲ್ ಆಡಿ ಮುಗಿಸುತ್ತಾರೆ. ಆ ಹೊತ್ತಿಗೆ ನಾನು ಅಡುಗೆಮನೆ ಪಕ್ಕದ ಮೇಜಿನ ಮೇಲೆ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಹರಡಿಕೊಂಡು ಕೂತಿರುತ್ತೇನೆ. ಒಳಗೆ ಎರಡು ವರ್ಷದ ಮಗಳು ಅತ್ತೆಯ ಸೆರಗು ಹಿಡಿದು ಮಲಗಿರುತ್ತಾಳೆ. ಅವಳು ಎದ್ದರೆ ನನ್ನ ಬರವಣಿಗೆ ಅಲ್ಲಿಗೇ ನಿಂತಿತು. ಏಳದಂತೆ ನೋಡಿಕೊಳ್ಳುವುದು ಅತ್ತೆಯ ಪಾಲಿನ ಕೆಲಸ.

“ರಜಾ ಐತಲ್ಲವ್ವಾ, ಇನ್ನೂ ಎಂಥ ಓದು?” ಎಂದು ಅವರು ಒಮ್ಮೆ ಕೇಳಿದ್ದರು. ಪಾಠಕ್ಕೆ ರಜೆ ಅತ್ತೆ, ಬರೆಯೋದಕ್ಕೆ ಇದೇ ಸೀಸನ್ನು ಅಂದಿದ್ದೆ.

ಆಟಗಾರರಿಗೂ ಹೀಗೊಂದು ಕಾಲವಿದೆ. ಪಂದ್ಯಗಳಿಲ್ಲದ ಆ ವಾರಗಳನ್ನು ಆಫ್ ಸೀಸನ್ ಅನ್ನುತ್ತಾರೆ. ಹೊರಗಿನವರ ಕಣ್ಣಿಗೆ ಅದು ಬಿಡುವು. ಆಟಗಾರನಿಗಾದರೋ ನೋವು ಮಾಯಿಸಿಕೊಳ್ಳುವ, ಕಾಲಿಗೆ ಬಲ ತುಂಬಿಕೊಳ್ಳುವ, ಮುಂದಿನ ಪಂದ್ಯಗಳಿಗೆ ಬೇಕಾದ ಉಸಿರನ್ನು ಕೂಡಿಟ್ಟುಕೊಳ್ಳುವ ಕಾಲ. ಮನೆಯವರೂ ಇದೇ ವಾರಗಳಿಗಾಗಿ ವರ್ಷವಿಡೀ ಕಾದಿರುತ್ತಾರೆ. ಹೀಗೆ ಒಂದೇ ಹೊತ್ತಿಗೆ ಇಬ್ಬರು ಹಕ್ಕುದಾರರು.

ಬೆಂಗಳೂರು ಎಫ್‌ಸಿ ಅಂದ ಕೂಡಲೇ ನೆನಪಾಗುವ ಸುನಿಲ್ ಚೆಟ್ರಿಯವರ 2023ನೇ ವರ್ಷವನ್ನೇ ನೋಡಿ. ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್, ಪೆನಾಲ್ಟಿಯಲ್ಲಿ ಸೋಲು. ಅದರ ಬೆನ್ನಿಗೇ ಇಂಫಾಲದಲ್ಲಿ ಭಾರತ ತಂಡದ ಪಂದ್ಯಗಳು. ಏಪ್ರಿಲ್‌ನಲ್ಲಿ ಸೂಪರ್ ಕಪ್ ಫೈನಲ್. ಮೇ ತಿಂಗಳಲ್ಲಿ ಭುವನೇಶ್ವರದ ಶಿಬಿರ. ಜೂನ್ 12ರಂದು ಅಲ್ಲಿಯೇ ವನುವಾಟು ವಿರುದ್ಧ ಗೋಲು ಹೊಡೆದ ನಾಯಕ ಚೆಂಡನ್ನು ಅಂಗಿಯೊಳಗೆ ಹೊಟ್ಟೆಯ ಮೇಲಿಟ್ಟುಕೊಂಡು, ತಾನು ತಂದೆಯಾಗುತ್ತಿರುವ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಜೂನ್ 21ಕ್ಕೆ ಬೆಂಗಳೂರಿನ ಕಂಠೀರವದಲ್ಲಿ ಸ್ಯಾಫ್ ಟೂರ್ನಿ ಶುರು. ಜುಲೈ 4ರಂದು ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಕಪ್ ಎತ್ತಿದಾಗ ಅವರಿಗೆ ಮೂವತ್ತೊಂಬತ್ತು ತುಂಬಲು ಒಂದು ತಿಂಗಳಷ್ಟೇ ಬಾಕಿ. ಆಫ್ ಸೀಸನ್ ಅನ್ನುವುದು ಕ್ಯಾಲೆಂಡರಿನಲ್ಲೇ ಕರಗಿಹೋಗಿತ್ತು.

ಆಗಸ್ಟ್ ಕೊನೆಯಲ್ಲಿ ಮಗ ಹುಟ್ಟಿದ. ಸೆಪ್ಟೆಂಬರ್ ಮೊದಲಲ್ಲಿ ಥಾಯ್ಲೆಂಡಿನಲ್ಲಿ ನಡೆದ ಕಿಂಗ್ಸ್ ಕಪ್‌ಗೆ ಅವರು ಹೋಗಲಿಲ್ಲ. ನಾಯಕನೇ ಹೀಗೆ ರಜೆ ಪಡೆದರೆ ಅದು ಅವನೊಬ್ಬನ ರಜೆಯಾಗಿ ಉಳಿಯುವುದಿಲ್ಲ. ನಾಳೆ ತಂಡದ ಇಪ್ಪತ್ತೆರಡರ ಹುಡುಗನೊಬ್ಬ ಕೋಚ್ ಎದುರು ನಿಂತು, ನನ್ನ ಹೆಂಡತಿಗೆ ದಿನ ತುಂಬಿದೆ ಎಂದು ಹೇಳುವ ಧೈರ್ಯ ಅಲ್ಲಿಂದ ಹುಟ್ಟುತ್ತದೆ. ಆದರೆ ಕೂಸಿಗೆ ಮೂರು ವಾರ ತುಂಬುವ ಹೊತ್ತಿಗೆ, ಸೆಪ್ಟೆಂಬರ್ 19ರಂದು ಅದೇ ಚೆಟ್ರಿ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಆಡುತ್ತಿದ್ದರು. ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಲು ಹಿಂದೆಮುಂದೆ ನೋಡಿ, ಕೊನೇ ಗಳಿಗೆಯಲ್ಲಿ ಕಟ್ಟಿದ ತಂಡ ಅದು. ಅಂಥ ತಂಡಕ್ಕೆ ಹಿರಿಯನೊಬ್ಬ ಬೇಕಿತ್ತು. ಮನೆಯಲ್ಲಿ ಉಳಿದದ್ದೂ ನಾಯಕತ್ವ, ಮನೆ ಬಿಟ್ಟು ಹೊರಟದ್ದೂ ನಾಯಕತ್ವ.

ಇಂಥದ್ದನ್ನು ಕಂಡಾಗ ನಾವು ಥಟ್ಟನೆ ಆಡುವ ಮಾತು ‘ಸಮತೋಲನ’. ಆ ಪದದೊಳಗೊಂದು ತಕ್ಕಡಿ ಇದೆ. ದಾವಣಗೆರೆಯಂಥ ಮಂಡಿಪೇಟೆಯ ಊರಿನಲ್ಲಿ ಬೆಳೆದ ನನಗೆ ತಕ್ಕಡಿ ಹೊಸದಲ್ಲ. ಒಂದು ತಟ್ಟೆಯಲ್ಲಿ ಸಂಸಾರ, ಇನ್ನೊಂದರಲ್ಲಿ ಸಾಧನೆ. ಎರಡೂ ಸಮಕ್ಕೆ ನಿಂತರೆ ಸಾಧಕ ಭೇಷ್. ತಟ್ಟೆಗಳನ್ನು ನೋಡುವ ಭರದಲ್ಲಿ ನಾವು ಮರೆಯುವುದು, ಆ ತಕ್ಕಡಿಯನ್ನು ಯಾರೋ ಕೈಯಲ್ಲಿ ಎತ್ತಿ ಹಿಡಿದಿದ್ದಾರೆ ಎಂಬುದನ್ನು.

ನಮ್ಮೂರಿನ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ ಗೆದ್ದಿತು. ‘ದಾವಣಗೆರೆ ಎಕ್ಸ್‌ಪ್ರೆಸ್’ನ ಕತೆ ಹೇಳುವಾಗ ನಾವು ಆಟೊ ಓಡಿಸಿ ಮಗನನ್ನು ಬೆಳೆಸಿದ ತಂದೆಯಿಂದಲೇ ಶುರು ಮಾಡುತ್ತೇವೆ. ಆದರೆ ಕತೆ ಮೈದಾನ ತಲುಪಿದ ಮೇಲೆ ಮತ್ತೆ ಆ ಆಟೊದ ಕಡೆಗೆ ತಿರುಗುವುದಿಲ್ಲ. ಕೈಯನ್ನು ಮುನ್ನುಡಿಯಲ್ಲಿ ಕೂರಿಸಿ ಮುಂದೆ ಹೋಗುವುದು ನಮ್ಮ ಅಭ್ಯಾಸ.

ತತ್ವಶಾಸ್ತ್ರದಲ್ಲೂ ಹೀಗೇ ಆಗಿದೆ. ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಮಂಡಿಸಿದ, ನೈತಿಕ ಅದೃಷ್ಟದ ಕುರಿತ ಹೆಸರಾಂತ ಪ್ರಬಂಧದಲ್ಲಿ ಚಿತ್ರಕಾರ ಗೋಗ್ಯಾನ್‌ನ ಉದಾಹರಣೆ ಬರುತ್ತದೆ. ಸಂಸಾರ ತೊರೆದು ದೂರದ ದ್ವೀಪಕ್ಕೆ ಹೋದವನ ನಿರ್ಧಾರ ಸರಿಯೇ ಎಂಬುದು ಅವನ ಚಿತ್ರಗಳು ಗೆದ್ದ ಮೇಲೆ ತಾನೇ ಗೊತ್ತಾಗುವುದು? ಗೆದ್ದರೂ ಹಿಂದೆ ಉಳಿದವರ ದೂರು ಅಳಿಸಿಹೋಗುವುದಿಲ್ಲ ಎಂದು ವಿಲಿಯಮ್ಸ್ ಒಪ್ಪುತ್ತಾರೆ. ಆದರೂ ಅಲ್ಲಿ ಯೋಚಿಸುವವನು, ಪಶ್ಚಾತ್ತಾಪಪಡುವವನು ಹೊರಟುಹೋದವನೇ. ಮಾಸ್ತಿಯವರು ತಮ್ಮ ನಾಟಕಕ್ಕೆ ‘ಯಶೋಧರಾ’ ಎಂದು ಹೆಸರಿಟ್ಟಾಗ ಬೆಳಕು ಮನೆಯೊಳಗೆ ಬಿತ್ತು. ಸಿದ್ಧಾರ್ಥನ ಮೇಲೆ ನನಗಿರುವ ತಕರಾರು ಅವನು ಹೋದನೆಂದಲ್ಲ. ಹೋಗುವ ರಾತ್ರಿ ಅವಳನ್ನು ಎಬ್ಬಿಸಲಿಲ್ಲವಲ್ಲ, ಅದು.

2024ರ ಮೇ 16ರಂದು ಚೆಟ್ರಿ ಒಂದು ವಿಡಿಯೊದಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಘೋಷಿಸಿದರು. ಮನೆಯಲ್ಲಿ ಈ ವಿಷಯ ಹೇಳಿದಾಗ ಅಪ್ಪ ಸಮಾಧಾನದಿಂದಲೇ ಇದ್ದರಂತೆ. ಅಮ್ಮ ಮತ್ತು ಹೆಂಡತಿ ಮಾತ್ರ ಅತ್ತುಬಿಟ್ಟರಂತೆ. ಪಂದ್ಯ ಜಾಸ್ತಿಯಾಯಿತು, ನೋಡುವಾಗ ಒತ್ತಡ ತಡೆಯಲಾಗುವುದಿಲ್ಲ ಎಂದು ಸದಾ ಗೊಣಗುತ್ತಿದ್ದವರು ಅವರೇ. ಈಗ ಬಿಡುತ್ತೇನೆ ಅಂದರೆ ಯಾಕೆ ಅತ್ತರೆಂದು ಅವರಿಗೂ ವಿವರಿಸಲಾಗಲಿಲ್ಲವಂತೆ.

ಆ ಅಳು ನನ್ನನ್ನು ಬಹಳ ದಿನ ಕಾಡಿತು. ಅದು ನನಗೆ ಅರ್ಥವಾದದ್ದು ಕಳೆದ ಫೆಬ್ರವರಿಯಲ್ಲಿ, ನಮ್ಮ ಮನೆಯಲ್ಲೇ.

ಹಳೆಯ ಪತ್ರಿಕೆಗಳನ್ನು ನೋಡಲು ಬೇಸಿಗೆಯಲ್ಲಿ ಮೂರು ತಿಂಗಳು ಮೈಸೂರಿನಲ್ಲಿರಬೇಕಿತ್ತು. ನನ್ನವರದು ಹರಿಹರದ ಕಡೆಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅತ್ತೆಯ ಮಂಡಿನೋವು ಹೆಚ್ಚಾಗಿತ್ತು. ನಾಲ್ಕು ದಿನ ಒಬ್ಬಳೇ ಲೆಕ್ಕ ಹಾಕಿ, ಹೋಗುವುದು ಬೇಡ, ಪ್ರಬಂಧವನ್ನೂ ಸದ್ಯಕ್ಕೆ ಬಿಡೋಣ ಎಂದು ತೀರ್ಮಾನಿಸಿದೆ. ದೊಡ್ಡ ತ್ಯಾಗ ಮಾಡಿದ ಹಗುರದಲ್ಲಿ ಅತ್ತೆಗೆ ಹೇಳಿದೆ. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

“ಎರಡು ವರ್ಷ ಕೂಸನ್ನ ಎತ್ತಿ ಆಡ್ಸಿದ್ದು ನಾನು. ಬಿಡಾದಿದ್ರೆ ನನ್ನ ಒಂದು ಮಾತು ಕೇಳ್‌ಬೇಕಿತ್ತೋ ಬ್ಯಾಡ್ವೋ?”

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು: “ಶುರು ಮಾಡುವಾಗ್ಲೂ ಕೇಳ್ಲಿಲ್ಲ ನೀನು.”

ಎರಡನೆಯ ಮಾತು ಹೆಚ್ಚು ಚುಚ್ಚಿತು. ಅವರ ಬೆಳಗುಗಳನ್ನು ಕೇಳದೇ ತೆಗೆದುಕೊಂಡಿದ್ದೆ. ಆ ಬೆಳಗುಗಳಿಂದ ಕಟ್ಟಿದ್ದನ್ನು ಕೇಳದೇ ಕೆಡವಲು ಹೊರಟಿದ್ದೆ. ಅವರನ್ನು ತಟ್ಟೆಯಲ್ಲಿಟ್ಟು ತೂಗಿದ್ದೆನೇ ಹೊರತು ಅವರ ಜೊತೆ ಕೂತು ತೂಗಿರಲಿಲ್ಲ. ಚೆಟ್ರಿಯವರ ತಾಯಿ ಮತ್ತು ಹೆಂಡತಿಯ ಕಣ್ಣೀರಿಗೂ ಇಂಥದ್ದೇ ಕಾರಣ ಇದ್ದಿರಬಹುದು. ಗೊಣಗುತ್ತಲೇ ಅವರೂ ಆ ಪಂದ್ಯಗಳನ್ನು ಆಡುತ್ತಿದ್ದರು. ನಿವೃತ್ತಿ ಅವರದೂ ಆಗಿತ್ತು.

ಕೇಳುವುದೆಂದರೆ ಏನೆಂದು ಯೋಚಿಸುವಾಗ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಅದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಅವಳು. ಅವನು ಮಾತುಕತೆಯಲ್ಲಿ ಮೈಮರೆತಾಗ ಕಾಯಕದ ಹೊತ್ತಾಯಿತೆಂದು ಎಚ್ಚರಿಸಿದವಳೂ ಅವಳೇ. ಎಷ್ಟು ಸಾಕು, ಎಷ್ಟು ಸಾಲದು ಎಂಬ ಎರಡೂ ತೀರ್ಪುಗಳಲ್ಲಿ ಅವಳ ಪಾಲಿತ್ತು. ಮಾರಯ್ಯನ ಕಾಯಕ ಅವನೊಬ್ಬನದಾಗಿರಲಿಲ್ಲ.

ಇದಕ್ಕೊಂದು ಆಕ್ಷೇಪವಿದೆ, ಅದು ಸಣ್ಣದಲ್ಲ. ದೇಶವೇ ಚಪ್ಪಾಳೆ ತಟ್ಟುವಾಗ ಯಾವ ಹೆಂಡತಿ ‘ಬೇಡ’ ಅನ್ನಬಲ್ಲಳು? ಸೊಸೆಯ ಡಾಕ್ಟರೇಟಿಗೆ ಅಡ್ಡ ಬಂದವಳೆಂಬ ಹೆಸರು ಯಾವ ಅತ್ತೆಗೆ ಬೇಕು? ‘ಬೇಡ’ ಅನ್ನಲಾಗದ ಕಡೆ ಕೇಳುವುದು ಬರೀ ಉಪಚಾರ. ಅದನ್ನು ಒಪ್ಪುತ್ತೇನೆ. ಹಾಗಾಗಿ ಕೇಳುವವರು ‘ಬೇಡ’ ಎಂಬ ಉತ್ತರಕ್ಕೂ ಜಾಗ ಮಾಡಿಟ್ಟು ಕೇಳಬೇಕು. ಮತ್ತೆ ಮತ್ತೆ ಕೇಳಬೇಕು. ನಿವೃತ್ತಿ ಹೇಳಿದ ಚೆಟ್ರಿಯೇ 2025ರ ಮಾರ್ಚ್‌ನಲ್ಲಿ ಮತ್ತೆ ಭಾರತದ ಅಂಗಿ ತೊಟ್ಟು ಮಾಲ್ದೀವ್ಸ್ ವಿರುದ್ಧ ಗೋಲು ಹೊಡೆದರು. ಮನೆಯ ಲೆಕ್ಕ ಒಂದೇ ಸಲಕ್ಕೆ ಮುಗಿಯುವಂಥದಲ್ಲ.

ನಮ್ಮ ಮನೆಯಲ್ಲಿ ಆ ರಾತ್ರಿ ಮೂವರೂ ಕೂತು ಮಾತಾಡಿದೆವು. ಮೂರು ತಿಂಗಳ ಮೈಸೂರು ಮೂರು ವಾರಕ್ಕೆ ಇಳಿಯಿತು. ನನ್ನವರು ರಜೆ ಹಾಕುವುದೆಂದಾಯಿತು. ಎಲ್ಲ ಮುಗಿದ ಮೇಲೆ ಅತ್ತೆ, “ನೀ ಬಂದ ಮ್ಯಾಲೆ ನಂಗೂ ಒಂದು ವಾರ ಬೇಕು. ಹರಿಹರದಾಗೆ ಅಕ್ಕನ ಮನೀಗೆ ಹೋಗಿ ಸುಮ್ನೆ ಕುಂತು ಬರ್ತೀನಿ” ಅಂದರು. ಈ ಮನೆಗೆ ಬಂದು ಆರು ವರ್ಷವಾಯಿತು. ಅವರಿಗೂ ಒಂದು ಆಫ್ ಸೀಸನ್ ಬೇಕಿರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಈಗ ಆ ವಾರ ನಡೆಯುತ್ತಿದೆ. ಹೊರಗೆ ಚೆಂಡಿನ ಸದ್ದು ಶುರುವಾಗಿದೆ, ಮಗಳು ಆಗಲೇ ಎದ್ದು ಕೂತಿದ್ದಾಳೆ. ಇದಿಷ್ಟನ್ನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದೇ ಕೈಯಲ್ಲಿ ಬರೆದು ಮುಗಿಸಿದ್ದೇನೆ.