ಸಂಧಿಯಲ್ಲಿ ಉಳಿದ ಶೇಷ

ಸಾಲ, ಬೆಂಕಿ, ಹಗೆ: ಈ ಮೂರರಲ್ಲಿ ಶೇಷ ಉಳಿಸಬಾರದು ಎನ್ನುತ್ತಾರೆ ಹಿರಿಯರು. ಹಗೆಯ ಶೇಷವೆಂದರೆ ಬದುಕುಳಿದ ಹಗೆಯವನು, ಅವನನ್ನು ಮುಗಿಸಿಬಿಡಬೇಕು ಎಂದೇ ಬಹುಮಂದಿ ಅರ್ಥ ಮಾಡಿಕೊಂಡಿದ್ದಾರೆ. ತೆರಕಣಾಂಬಿ ಸೀಮೆ ಕಂಡ ಯುದ್ಧಗಳನ್ನು ನೋಡಿದರೆ ಈ ಅರ್ಥ ಸಾಲದು. ಆ ಶೇಷವನ್ನು ಗೆದ್ದವರೇ ಕೈಯಾರೆ ಬರೆದಿಟ್ಟದ್ದುಂಟು.

ತೆರಕಣಾಂಬಿ ಗುಂಡ್ಲುಪೇಟೆ, ಚಾಮರಾಜನಗರಗಳ ನಡುವಿನ ಊರು. ಪಡುವಣಕ್ಕೆ ವಯನಾಡು, ತೆಂಕಣಕ್ಕೆ ಕೊಯಮತ್ತೂರಿಗಿಳಿಯುವ ಘಟ್ಟಗಳು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೇನೆ ಈ ಘಟ್ಟಸಾಲಿನ ಗಜಲಹಟ್ಟಿ ಕಣಿವೆಯಲ್ಲಿ ಇಳಿದು, ಸತ್ಯಮಂಗಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಫ್ಲಾಯ್ಡನ ದಳದ ಮೇಲೆ ಬಿತ್ತು. ಆ ಯುದ್ಧ ಮುಗಿದದ್ದು 1792ರ ಮಾರ್ಚಿನಲ್ಲಿ, ಶ್ರೀರಂಗಪಟ್ಟಣದ ಸಂಧಿಯಿಂದ.

ಸಂಧಿಯ ಕರಾರುಗಳನ್ನು ನಿಧಾನವಾಗಿ ಓದಬೇಕು. ಟಿಪ್ಪುವಿನ ರಾಜ್ಯದಲ್ಲಿ ಸುಮಾರು ಅರ್ಧ ಕಂಪನಿ, ಮರಾಠರು, ನಿಜಾಮನ ಪಾಲಾಯಿತು. ಮಲಬಾರ್, ಕೊಡಗು, ಬಾರಾಮಹಲ್, ದಿಂಡಿಗಲ್ ಕಂಪನಿಗೆ ಸೇರಿದವು. ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಆದಾಯದ ಸೀಮೆಗಳನ್ನು ಕಿತ್ತುಕೊಂಡು, ಉಳಿದ ಸೀಮೆಯ ರೈತನ ಕಣದಿಂದ ಆ ಹಣ ಎತ್ತಿಸುವ ಏರ್ಪಾಡಿದು. ಹಣಕ್ಕೆ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಪಾಳೆಯಕ್ಕೆ ಹೋದರು. ಇಂಗ್ಲಿಷ್ ಚಿತ್ರಕಾರರು ಆ ಸನ್ನಿವೇಶವನ್ನು ಗೆದ್ದವನ ಔದಾರ್ಯವೆಂಬಂತೆ ಬರೆದು ಮೆರೆಸಿದರು. ಮಕ್ಕಳು ಮನೆಗೆ ಮರಳಿದ್ದು 1794ರಲ್ಲಿ. ಹೆತ್ತವರ ಪಾಲಿಗೆ ಆ ಎರಡು ವರ್ಷ ಏನೆಂಬುದನ್ನು ಯಾವ ಚಿತ್ರವೂ ತೋರಿಸುವುದಿಲ್ಲ.

ಸಾಲ ತೀರಿತು, ಹಗೆ ತೀರಲಿಲ್ಲ.

ಟಿಪ್ಪು ಫ್ರೆಂಚರ ನೆರವು ಅರಸಿ ಮಾರಿಷಸ್ಸಿಗೆ ದೂತರನ್ನು ಕಳಿಸಿದ. 1798ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಮಲಾರ್ಟಿಕ್ ಅದನ್ನು ಬಹಿರಂಗವಾಗಿ ಸಾರಿಬಿಟ್ಟ. ಮಂಗಳೂರಿಗೆ ಬಂದಿಳಿದದ್ದು ನೂರರ ಆಸುಪಾಸಿನ ಜನ ಮಾತ್ರ. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಅಷ್ಟೇ ನೆಪ ಸಾಕಾಯಿತು. ಸಂಧಿಯಿಂದಲೂ ವಿವಾದದಲ್ಲಿದ್ದ ವಯನಾಡು ಟಿಪ್ಪುವಿನದೇ ಎಂದು ಅದೇ ವರ್ಷ ವೆಲ್ಲೆಸ್ಲಿ ಒಪ್ಪಿದ್ದ. ಆರು ವರ್ಷ ತಡವಾಗಿ ಬಂದ ಆ ಒಪ್ಪಿಗೆಯಿಂದ ಯಾರ ಮನಸ್ಸೂ ತಿಳಿಯಾಗಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ.

ಹಗೆಯವನನ್ನು ಮುಗಿಸಿದರೆ ಶೇಷ ಉಳಿಯದು ಎನ್ನುವವರು ಮುಂದಿನದನ್ನೂ ನೋಡಬೇಕು. ಸೆರೆಯಿಂದ ಹೊರಬಿದ್ದ ಧೋಂಡಿಯಾ ವಾಘ್, ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳನ್ನು ಕೂಡಿಸಿಕೊಂಡು 1800ರ ಸೆಪ್ಟೆಂಬರಿನವರೆಗೆ ಕಂಪನಿಯನ್ನು ಓಡಾಡಿಸಿದ. ಗುಂಡ್ಲುಪೇಟೆಯ ಮಗ್ಗುಲಿನ ವಯನಾಡನ್ನು ಕಂಪನಿ ತನ್ನದಾಗಿಸಿಕೊಂಡಾಗ ಅದರ ಮೇಲೆ ಹಕ್ಕು ಹೂಡಿದ ಪಳಶ್ಶಿ ರಾಜ ಕಾಡು ಹಿಡಿದ. ಅವನು ಸತ್ತದ್ದು 1805ರ ನವೆಂಬರಿನಲ್ಲಿ.